ಬೀಗರ ಹಾಡಿನ ಸಂಭಾವನೆ

ಹೊಸ ರವಿಕೆ ಕಣಕ್ಕೆ ಒಂದು ವಾಸನೆಯಿದೆ. ಗಂಜಿಯದೋ, ಬಣ್ಣದ್ದೋ, ಜವಳಿ ಅಂಗಡಿಯ ಹಳೆಯ ಬೀರುವಿನದೋ ಹೇಳುವುದು ಕಷ್ಟ. ಅದಕ್ಕೆ ವೀಳ್ಯದೆಲೆಯ ಹಸಿ ಘಮವೂ ಸೇರಿಬಿಟ್ಟರೆ ನಾನು ಕೂತಲ್ಲಿ ಕೂತಿರುವುದಿಲ್ಲ, ಮಲ್ಲೇಶ್ವರದ ಈ ಮೂರನೆಯ ಮಹಡಿಯಿಂದ ಸೀದಾ ಬಸವನಗುಡಿಯ ಒಂದು ಅಡುಗೆಮನೆಗೆ ಹೋಗಿರುತ್ತೇನೆ. ನಿನ್ನೆ ಸಂಜೆ ಹಾಗೇ ಆಯಿತು.

ಕೆಳಗಿನ ಮನೆಯ ವತ್ಸಲಾ ಮಗಳ ಮದುವೆಗೆ ಕರೆಯಲು ಬಂದಿದ್ದರು. ಜೊತೆಯಲ್ಲಿ ಮದುವಣಗಿತ್ತಿ ಮೇಘನಾಳೂ ಇದ್ದಳು. ಕುಂಕುಮ ಕೊಟ್ಟು, ತೆಂಗಿನಕಾಯಿ, ಎಲೆ ಅಡಿಕೆ, ಗಿಳಿಹಸಿರಿನ ರವಿಕೆ ಕಣ ಕೈಗಿಟ್ಟ ಮೇಲೆ ವತ್ಸಲಾ ಮೆಲ್ಲಗೆ ವಿಷಯಕ್ಕೆ ಬಂದರು. ನಾನು ಅಲ್ಲಿ ಇಲ್ಲಿ ಪತ್ರಿಕೆಗೆ ಬರೆಯುವುದು ಅವರಿಗೆ ಗೊತ್ತು. ಬೀಗರ ಔತಣದ ದಿನ ಗಂಡಿನ ಕಡೆಯವರನ್ನು ತಮಾಷೆ ಮಾಡುವ ಹಾಡು, ಹಳೇ ಕಾಲದ ಬೀಗರ ಹಾಡು, ಒಂದನ್ನು ಕಟ್ಟಿಕೊಡಬೇಕಂತೆ.

ಮೇಘನಾ ವಕೀಲೆ. ಸುತ್ತು ಬಳಸು ಗೊತ್ತಿಲ್ಲದ ಹುಡುಗಿ. "ಆಂಟಿ, ಎಷ್ಟು ಕೊಡ್ಬೇಕು ಹೇಳ್ಬಿಡಿ" ಅಂದಳು.

ವತ್ಸಲಾ ಮಗಳ ತೋಳು ಚಿವುಟಿದ್ದು ನನಗೂ ಕಾಣಿಸಿತು. "ದೊಡ್ಡೋರನ್ನ ಹಾಗೆಲ್ಲಾ ಕೇಳ್ತಾರೇನೇ?"

"ಮೆಹೆಂದಿ ಹಾಕೋಳನ್ನ ಕೇಳ್ದೆ, ಫೋಟೋದವ್ರನ್ನ ಕೇಳ್ದೆ. ಇವ್ರನ್ನ ಯಾಕೆ ಕೇಳ್ಬಾರ್ದು?"

"ಬೇಡ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹೇಗೋ ಹಿಡಿದುಕೊಂಡು, ನಾಳೆ ಹೇಳುತ್ತೇನೆ ಎಂದೆ. ಅವರು ಮೆಟ್ಟಿಲಿಳಿದ ಮೇಲೆ ಕಣವನ್ನು ಮೂಗಿಗೆ ಹಿಡಿದೆ. ನೆನಪಿನಲ್ಲಿ ಪದ್ದತ್ತೆ ಬಂದು ಎದುರಿಗೆ ಕೂತಳು.

ಪದ್ದತ್ತೆ ನಮ್ಮಪ್ಪನ ತಂಗಿ. ಅಮ್ಮನಿಗಿಂತ ಹೆಚ್ಚಾಗಿ ನನಗೆ ಮಾತು ಕಲಿಸಿದವಳು ಅವಳೇ. ನಿಮಗೆ ಅವಳ ಹೆಸರು ಗೊತ್ತಿರಲು ಸಾಧ್ಯವಿಲ್ಲ, ಆದರೆ ನಿಮ್ಮ ಮನೆಯಲ್ಲಿ ಹಿರಿಯರ ಮದುವೆ ಚಾಮರಾಜಪೇಟೆಯಲ್ಲೋ ಬಸವನಗುಡಿಯಲ್ಲೋ ಆಗಿದ್ದರೆ ಅವಳ ಒಂದು ಸಾಲಾದರೂ ನಿಮ್ಮ ತಾತನನ್ನು ಚುಚ್ಚಿರುವ ಸಂಭವ ಉಂಟು. ಮದುವೆಗೆ ವಾರವಿದೆ ಅನ್ನುವಾಗ ಹೆಣ್ಣಿನ ತಾಯಿ ಅವಳ ಮನೆಗೆ ಬರುವರು. ಅತ್ತೆ ಕಾಫಿ ಕೊಟ್ಟು, ಬೀಗರ ಕಡೆಯ ಸಮಾಚಾರವನ್ನೆಲ್ಲ ಕೆದಕುವಳು. ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಬೀಗಿತ್ತಿ ಒಬ್ಬಟ್ಟು ಎಷ್ಟು ತಿನ್ನುತ್ತಾರೆ? ಅದರಿಂದ ಮನೆತನದ ಸ್ವಭಾವ ತಿಳಿಯುತ್ತದೆ ಎಂಬುದು ಅವಳ ನಂಬಿಕೆ. ಆಮೇಲೆ ಮಾವನ ಗೊರಕೆ, ಮೈದುನನ ಮೀಸೆ, ಪಕ್ಕಕ್ಕೆ ಬಾಗಿಸಿ ಒದೆಯದಿದ್ದರೆ ಸ್ಟಾರ್ಟೇ ಆಗದ ಸ್ಕೂಟರು. ಮಾರನೆಯ ದಿನ ಹಾಡು ಸಿದ್ಧ:

ಬೀಗರ ಸ್ಕೂಟರು ಬಲು ಜಾತಿ ಕುದುರೆಯು
ಬಾಗಿ ಕೈಮುಗಿಯದೆ ಹೊರಡದು

ಚುಚ್ಚಬೇಕು, ರಕ್ತ ಬರಬಾರದು ಎನ್ನುವುದು ಅವಳು ಪಾಲಿಸುತ್ತಿದ್ದ ಒಂದೇ ಛಂದಸ್ಸು. ಬಣ್ಣದ ಮಾತು, ಬಡತನದ ಮಾತು, ಮಕ್ಕಳಾಗದವರ ಮಾತು ಅವಳ ಹಾಡಿನ ಹೊಸಿಲು ದಾಟುತ್ತಿರಲಿಲ್ಲ. ಉಳಿದದ್ದೆಲ್ಲ ಒಳಗೆ. ಅವಳು ಹಾಡುವಾಗ ಎರಡನೆಯ ಗಂಟಲಾಗಿ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಶ್ರುತಿ ಎಲ್ಲೋ, ಅವಳದ್ದೆಲ್ಲೋ. "ಪರವಾಗಿಲ್ಲ ಕಣೆ, ನೀನು ತಪ್ಪು ಹಾಡಿದ್ರೆ ನಾನು ಸರಿ ಹಾಡ್ತಿದೀನಿ ಅಂತ ಜನಕ್ಕೆ ಗೊತ್ತಾಗುತ್ತೆ" ಎನ್ನುವಳು. ಆ ಕಾಲಕ್ಕೆ ನನಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ಅದು.

ಇಷ್ಟಕ್ಕೆಲ್ಲ ಅವಳಿಗೆ ಸಿಗುತ್ತಿದ್ದುದು ಒಂದು ತೆಂಗಿನಕಾಯಿ, ಒಂದು ರವಿಕೆ ಕಣ. ಟ್ರಂಕಿನ ತುಂಬ ಕಣಗಳು, ಲೋಕದ ಯಾವ ಸೀರೆಗೂ ಹೊಂದದ ಬಣ್ಣದವು. ಅವನ್ನು ಅವಳು ಬೇರೆಯವರಿಗೆ ಕೊಡುವಳು, ಅವರು ಮತ್ತೊಬ್ಬರಿಗೆ ಕೊಡುವರು. ಒಮ್ಮೆ ತಾನೇ ಅರಿಶಿನದ ಬೆರಳು ತಾಗಿಸಿ ಕೊಟ್ಟಿದ್ದ ಬದನೆ ಬಣ್ಣದ ಕಣ, ಊರೆಲ್ಲ ಸುತ್ತಿ, ಅದೇ ಕಲೆಯೊಂದಿಗೆ ಅವಳ ಮಡಿಲಿಗೇ ಬಂದು ಬಿತ್ತು. ಕಾಶಿಗೆ ಹೋದವರು ಬಂದ ಹಾಗೆ ಅದನ್ನು ಬರಮಾಡಿಕೊಂಡಳು.

ನಗುತ್ತಿದ್ದಳು ನಿಜ. ಆದರೆ ಅವಳಿಗೊಂದು ಆಸೆಯಿತ್ತು. ಬರೆದದ್ದಕ್ಕೆ ದುಡ್ಡು ಬರಬೇಕು. ಒಂದೇ ಒಂದು ಸಲವಾದರೂ ಸರಿ, ಆ ದುಡ್ಡಿನಲ್ಲಿ ಡ್ರಾಯರ್ ಇರುವ ಮೇಜು ಕೊಳ್ಳಬೇಕು. ಅವಳು ಬರೆಯುತ್ತಿದ್ದುದು ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ. ಹಾಳೆಗೆಲ್ಲ ಒಗ್ಗರಣೆಯ ಚುಕ್ಕಿ. ನಡುಮನೆಯ ಕಿಟಕಿಯ ಕೆಳಗೆ ಮೇಜಿನ ಜಾಗವನ್ನು ಗೇಣು ಹಾಕಿ ಅಳೆದೂ ಇಟ್ಟಿದ್ದಳು. ಅಲ್ಲಿ ಯಾರೂ ಏನನ್ನೂ ಇಡುವಂತಿರಲಿಲ್ಲ. ಅವಳ ಗಂಡ, ನಮ್ಮ ಮಾವ, ಒಳ್ಳೆಯವರು. ಮೇಜು ತಾನೆ, ನಾನೇ ತಂದುಕೊಡುತ್ತೇನೆ ಅಂದರು.

"ನೀವು ತಂದ್ರೆ ಅದು ಮನೆ ಸಾಮಾನು" ಅಂದಳು ಪದ್ದತ್ತೆ. "ನಾನು ಬರೆದು ತಂದ್ರೆ ನನ್ನ ಮೇಜು."

ಅದಕ್ಕಾಗಿ ಪತ್ರಿಕೆಗೂ ಕವನ ಕಳಿಸಿ ನೋಡಿದಳು. ಒಂದು ಅಚ್ಚಾಯಿತು. ಪತ್ರಿಕೆಯ ಒಂದು ಪ್ರತಿ ಅಂಚೆಯಲ್ಲಿ ಬಂತು. ಗೌರವ ಬಂದಿದೆ, ಧನ ಹಿಂದಿನ ಬಸ್ಸಿನಲ್ಲಿ ಬರುತ್ತಿರಬೇಕು ಎಂದು ಕೆಲವು ತಿಂಗಳು ಕಾದಳು. ಆ ಬಸ್ಸು ಕಲಾಸಿಪಾಳ್ಯವನ್ನೇ ಬಿಟ್ಟ ಹಾಗೆ ಕಾಣಲಿಲ್ಲ. ಅವಳ ಅತ್ತೆ, ಎಂದರೆ ಮನೆಯ ಹಿರಿಯಜ್ಜಿ, ವಿದ್ಯೆಯನ್ನು ಮಾರಬಾರದು, ಸರಸ್ವತಿ ಮುನಿಯುತ್ತಾಳೆ ಎನ್ನುತ್ತಿದ್ದರು. ಪದ್ದತ್ತೆ ಅವರಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ. "ಪುರೋಹಿತರು ಮಂತ್ರ ಹೇಳಿ ತಗೊಂಡ್ರೆ ಸಂಭಾವನೆ, ನಾನು ಹಾಡು ಹೇಳಿ ತಗೊಂಡ್ರೆ ಮಾರಾಟವಾ ಅಮ್ಮಾ?" ಅಜ್ಜಿ ಜಪಮಣಿ ಎಣಿಸತೊಡಗಿದರು.

ಹೇಳಬೇಕಾದ ಮಾತು ಇನ್ನೊಂದಿದೆ. ನಮ್ಮಂಥ ಮನೆಗಳಲ್ಲಿ "ಬೇಡ" ಎಂದರೆ ಬೇಡ ಅಂತ ಅಲ್ಲ. ಕಾಫಿ ತಗೊಳ್ತೀರಾ ಅಂದರೆ ಮೊದಲು, ಈಗ ತಾನೆ ಆಯಿತು. ಮತ್ತೆ ಕೇಳಿದರೆ, ಬೇಡಿ, ಸುಮ್ಮನೆ ನಿಮಗೆ ತೊಂದರೆ. ಮೂರನೆಯ ಸಲ ಒತ್ತಾಯ ಮಾಡಿದರೆ, ಅರ್ಧ ಲೋಟ ಕೊಡಿ. ಬರುವುದು ಪೂರ್ತಿ ಲೋಟ, ಕುಡಿಯುವುದೂ ಪೂರ್ತಿ. ನಮ್ಮ ಚಿಕ್ಕಪ್ಪ ಒಬ್ಬರು ಕುಮಾರ ಪಾರ್ಕಿನ ಯಾರದೋ ಮನೆಗೆ ಊಟದ ಹೊತ್ತಿಗೆ ಹೋಗಿ, ಮರ್ಯಾದೆಗೆ ಬೇಡ ಎಂದು, ಅವರು ಮರುಮಾತಿಲ್ಲದೆ ಎಲೆ ಎತ್ತಿಟ್ಟದ್ದನ್ನು ಸಾಯುವವರೆಗೂ ಹೇಳಿಕೊಂಡು ಮರುಗಿದರು. ಪದ್ದತ್ತೆಗೆ ಈ ಪದ್ಧತಿಯ ನಗೆಪಾಟಲೆಲ್ಲ ಚೆನ್ನಾಗಿ ಗೊತ್ತಿತ್ತು. ಅವಳ ಅತಿ ಹೆಸರಾದ ಪದವೇ ಅದು:

ಬೇಡ ಬೇಡೆಂದರು ನಮ್ಮ ಬೀಗಿತ್ತಿ
ಬೇಡೆನ್ನುತಲೆ ಎಲೆಯ ಚಾಚಿದರು
ನೋಡ ನೋಡುತ ಅಲ್ಲಿ ಒಬ್ಬಟ್ಟು ಮಾಯ
ಬೇಡೆಂದ ಬಾಯಿಗೆ ಬಿಡುವಿಲ್ಲ

ಈ ಪದವನ್ನು ಯಾವುದೋ ಮದುವೆಯಲ್ಲಿ ಕೇಳಿಯೇ ಕಂಟ್ರಾಕ್ಟರ್ ಗೌಡರು ಅವಳನ್ನು ಹುಡುಕಿಕೊಂಡು ಬಂದದ್ದು. ಹಳ್ಳಿಯಿಂದ ಬಂದು, ಈ ಊರಿನಲ್ಲಿ ಮನೆಗಳನ್ನು ಕಟ್ಟಿಸಿ ಮೇಲೆ ಬಂದವರು. ಕಾರನ್ನು ರಸ್ತೆಯಲ್ಲೇ ಬಿಟ್ಟು, ಚಪ್ಪಲಿ ಗೇಟಿನ ಹೊರಗೇ ಕಳಚಿ ಬಂದರು. ಮಗಳ ಮದುವೆಗೆ ಹಾಡು ಬೇಕಿತ್ತು.

"ನಮ್ಮವ್ವ ಇದ್ದಿದ್ರೆ ಅವ್ಳೇ ಕಟ್ಟೋಳು ತಾಯಿ" ಅಂದರು. "ನಮ್ ಕಡೆ ಸೋಬಾನೆ ಹೇಳೋರ್ನ ಬರಿಗೈಲಿ ಕಳ್ಸಲ್ಲ. ನಿಮ್ಗೂ ಕೈ ತುಂಬಾ ಕೊಡ್ತೀನಿ."

ಅವರು ಹೋದ ಮೇಲೆ ಪದ್ದತ್ತೆ ಕಿಟಕಿಯ ಕೆಳಗೆ ಮತ್ತೊಮ್ಮೆ ಗೇಣು ಹಾಕಿದಳು. ಮಾವನನ್ನು ಕರೆದುಕೊಂಡು ಹೋಗಿ ಮರದ ಸಾಮಾನಿನ ಅಂಗಡಿಯಲ್ಲಿ ಮೇಜನ್ನೂ ನೋಡಿ ಬಂದಳಂತೆ, ಡ್ರಾಯರನ್ನು ಎಳೆದು ಮುಚ್ಚಿ, ಎಳೆದು ಮುಚ್ಚಿ, ಅಂಗಡಿಯವನು ಏನಮ್ಮಾ ಅನ್ನುವವರೆಗೆ. ಹಾಡಂತೂ ಹೇಗೆ ಬರೆದಳು ಎನ್ನುತ್ತೀರಿ. ಗೌಡರ ಬೀಗರು ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ಗಂಡಿನ ಸೋದರಮಾವ ಎದ್ದು ಬಂದು, ನನ್ನ ಮೇಲೆ ಏನೂ ಇಲ್ಲವಲ್ಲಮ್ಮ ಎಂದು ಬೇಜಾರು ಮಾಡಿಕೊಂಡ. ಅವಳು ನಿಂತಲ್ಲೇ ಅವನಿಗೂ ಒಂದು ನುಡಿ ಕಟ್ಟಿದಳು. ನನ್ನ ಶ್ರುತಿ ಕೂಡ ಅಂದು ಅಷ್ಟೇನೂ ಕೆಡಲಿಲ್ಲ.

ಔತಣ ಮುಗಿದು ಛತ್ರದ ಅಂಗಳದಲ್ಲಿ ಲೆಕ್ಕ ಚುಕ್ತವಾಗುತ್ತಿತ್ತು. ವಾಲಗದವರು, ಅಡುಗೆಯವರು, ಹೂವಿನವರು ಒಬ್ಬೊಬ್ಬರಾಗಿ ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಕೊನೆಗೆ ಗೌಡರು ತಾವೇ ತಟ್ಟೆ ಹಿಡಿದು ನಮ್ಮ ಹತ್ತಿರ ಬಂದರು. ಎಲೆ ಅಡಿಕೆ, ಬಾಳೆಹಣ್ಣು, ಮೇಲೊಂದು ಕವರು. ದಪ್ಪಗಿತ್ತು. ಕಿಟಕಿಯ ಕೆಳಗಿನ ಮೇಜು ಆ ಕವರಿನಲ್ಲಿ ನಾಲ್ಕೂ ಕಾಲೂರಿ ನಿಂತಿರುವುದು ನನಗೆ ಕಂಡಿತು.

"ಅಯ್ಯೋ, ಇದೆಲ್ಲಾ ಯಾಕೆ?" ಅಂದಳು ಪದ್ದತ್ತೆ.

"ಇಲ್ಲ ತಾಯಿ, ತಗೋಬೇಕು."

"ಬೇಡಿ ಗೌಡ್ರೇ. ನಿಮ್ಮ ಮಗಳು ಬೇರೆ ಅಲ್ಲ, ನಮ್ಮನೆ ಮಗು ಬೇರೆ ಅಲ್ಲ."

ಎರಡಾಯಿತು. ಸೆರಗಿನಡಿಯಿಂದ ಅವಳ ಬಲಗೈ ಆಗಲೇ ಹೊರಗೆ ಬರುತ್ತಿತ್ತು. ನಾನು ನೋಡಿದೆ. ಗೌಡರು ತಟ್ಟೆ ಹಿಡಿದು ಹಾಗೇ ನಿಂತರು. ಅವರ ಕಣ್ಣು ತುಂಬಿ ಬಂತು. ಅವರ ಲೋಕದಲ್ಲಿ ಮಾತು ಅಂದರೆ ಮಾತು. ಬೇಡ ಎಂದವರನ್ನು ಎರಡು ಸಲಕ್ಕಿಂತ ಹೆಚ್ಚು ಕೇಳುವುದು ಹಾಗೆ ಹೇಳಿದವರ ದೊಡ್ಡತನಕ್ಕೆ ಮಾಡುವ ಅವಮಾನ. ಕವರನ್ನು ತೆಗೆದು ಜೇಬಿಗಿಟ್ಟುಕೊಂಡು, ಬಗ್ಗಿ ಅವಳ ಕಾಲು ಮುಟ್ಟಿದರು.

"ದೊಡ್ಡ ಮನ್ಸು ತಾಯಿ ನಿಮ್ದು" ಅಂದರು. ಆಮೇಲೆ ನೆಂಟರ ಕಡೆ ತಿರುಗಿ, ಈ ತಾಯಿ ಒಂದು ಕಾಸು ಮುಟ್ಟಲಿಲ್ಲ, ವಿದ್ಯೆ ಅಂದರೆ ಇದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಜನ ಕೈಮುಗಿದರು. ಅಷ್ಟು ಜನ ಕೈಮುಗಿದ ಮೇಲೆ ಕೈ ಚಾಚುವುದು ಹೇಗೆ ಹೇಳಿ. ಪದ್ದತ್ತೆ ಬಲಗೈಯನ್ನು ಎತ್ತಿ ಆಶೀರ್ವಾದ ಮಾಡಿದಳು.

ಆಟೋದಲ್ಲಿ ನಮ್ಮಿಬ್ಬರ ನಡುವೆ ಹಣ್ಣಿನ ಬುಟ್ಟಿ, ಅದರ ಮೇಲೆ ರೇಷ್ಮೆಯ ರವಿಕೆ ಕಣ. ಸಜ್ಜನ್‌ ರಾವ್ ಸರ್ಕಲ್ ದಾಟಿದೆವು. ಆಮೇಲೆ ರಸ್ತೆಯನ್ನೇ ನೋಡುತ್ತಾ, "ಇನ್ನೊಂದೇ ಒಂದ್ಸಲ ಕೇಳಿದ್ರೆ ತಗೊಳ್ತಿದ್ದೆ ಕಣೆ" ಅಂದಳು.

ಸ್ವಲ್ಪ ಹೊತ್ತಿಗೆ ಅವಳೇ ಗುನುಗತೊಡಗಿದಳು. ಅದೇ ಒಬ್ಬಟ್ಟಿನ ಪದ. ಕೊನೆಯ ಸಾಲು ಮಾತ್ರ ಬೇರೆ:

ಬೇಡೆಂದ ಬಾಯಿಗೆ ಬುದ್ಧಿಯಿಲ್ಲ

ಇಬ್ಬರೂ ನಕ್ಕೆವು. ಆಟೋದವನು ಕನ್ನಡಿಯಲ್ಲಿ ನೋಡುವಷ್ಟು ನಕ್ಕೆವು. ನಗು ನಿಂತ ಮೇಲೂ ಅವಳು ಸೆರಗಿನಿಂದ ಕಣ್ಣೊರೆಸುತ್ತಲೇ ಇದ್ದಳು.

ಆಮೇಲೆ ಛತ್ರಗಳಲ್ಲಿ ಆರ್ಕೆಸ್ಟ್ರಾ ಬಂತು, ಬೀಗರ ಹಾಡು ಕೇಳುವವರು ಕಡಿಮೆಯಾದರು. ಗೌಡರು ಮಾತ್ರ ಹಬ್ಬ ಹಬ್ಬಕ್ಕೂ ಬುಟ್ಟಿ ಕಳಿಸುತ್ತಿದ್ದರು, ಅವಳು ಹೋಗುವವರೆಗೂ. ಅವರ ಮೇಲೆ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಕಿಟಕಿಯ ಕೆಳಗಿನ ಜಾಗ ಖಾಲಿಯೇ ಉಳಿಯಿತು. ಅವಳ ಮನೆ ಬಿಟ್ಟುಕೊಟ್ಟು ಸಾಮಾನು ಸಾಗಿಸಿದ ದಿನ, ನೆಲದ ಉಳಿದ ಭಾಗವೆಲ್ಲ ಸವೆದಿದ್ದರೂ ಅಷ್ಟು ಜಾಗದಲ್ಲಿ ಮಾತ್ರ ಕೆಂಪು ಗಾರೆ ಹೊಸದರಂತೆ ಹೊಳೆಯುತ್ತಿದ್ದುದನ್ನು ನೋಡಿದೆ.

ಈ ಬೆಳಿಗ್ಗೆ ಮೇಘನಾಳಿಗೆ ಏನು ಹೇಳುವುದೆಂದು ಬಹಳ ಹೊತ್ತು ಯೋಚಿಸಿದೆ. ಒಂದು ಹಾಡಿಗೆ ಎಷ್ಟು ಕೇಳಬೇಕೆಂದು ನನಗೆ ಯಾರೂ ಕಲಿಸಿಲ್ಲ. ನನಗೆ ಗೊತ್ತಿರುವ ಬೆಲೆ ಒಂದೇ. ಮರದ ಸಾಮಾನಿನ ಅಂಗಡಿಗೆ ಫೋನ್ ಮಾಡಿ, ಡ್ರಾಯರ್ ಇರುವ ಮೇಜಿಗೆ ಈಗ ಎಷ್ಟಾಗುತ್ತದೆ ಎಂದು ಕೇಳಿದೆ. ಓದುವ ಮಕ್ಕಳಿಗೋ ಆಫೀಸಿಗೋ ಎಂದು ವಿಚಾರಿಸಿದರು. ಹಾಡು ಬರೆಯುವುದಕ್ಕೆ ಎಂದೆ. ಬೆಲೆ ಹೇಳಿದರು.

ಅಷ್ಟನ್ನೇ ಮೇಘನಾಳಿಗೆ ಫೋನಿನಲ್ಲಿ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಗಿತ್ತು.

"ಆಯ್ತು ಆಂಟಿ, ಈಗ್ಲೇ ಕಳಿಸ್ತೀನಿ" ಅಂದಳು.

ಅಷ್ಟೇ. ಒತ್ತಾಯವಿಲ್ಲ, ಉಪಚಾರವಿಲ್ಲ. ಇಷ್ಟು ಸಲೀಸಾಗಿ ಮುಗಿದುಹೋಗುವ ಮಾತಿಗೆ ಪದ್ದತ್ತೆ ಎಷ್ಟು ಮದುವೆಗಳಲ್ಲಿ ಗಂಟಲು ಬಿಚ್ಚಿ ಕಾದಳು. ಕೈಯಲ್ಲಿದ್ದ ಫೋನು ಟಿಣ್ ಎಂದು ಸದ್ದು ಮಾಡಿತು, ದುಡ್ಡು ಬಂದಿತ್ತು. ಅದನ್ನು ತೋರಿಸಲು ನನಗೆ ಬೇಕಿದ್ದವಳು ಎದುರಿಗೆ ಇರಲಿಲ್ಲ. ಗಿಳಿಹಸಿರಿನ ಕಣವನ್ನು ಮಡಿಸಿ ಪಕ್ಕಕ್ಕಿಟ್ಟೆ.

"ಆಂಟಿ, ಇದೀರಾ?" ಎಂದಳು ಮೇಘನಾ.

"ಇದೀನಮ್ಮ" ಅಂದೆ. "ಈಗ ಹೇಳು. ನಿಮ್ಮತ್ತೆ ಆಗೋರು ಒಬ್ಬಟ್ಟು ಎಷ್ಟು ತಿಂತಾರೆ?"

"ಅವ್ರಾ?" ಎಂದು ಹುಡುಗಿ ನಗತೊಡಗಿದಳು. "ಮೊದ್ಲು ಬೇಡ ಬೇಡ ಅಂತಾರೆ ಆಂಟಿ..."

ನಾನು ಪೆನ್ನಿನ ಮುಚ್ಚಳ ತೆಗೆದೆ.