ಎರಡನೆಯ ಏಕಾದಶಿಯ ನೀರು

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಮುಕ್ಕಾಲು ಮಗ್ಗಿ ಬಾಯಿಪಾಠ ಬರುತ್ತದೆ. ಮುಂಬಯಿ ಕಡೆಯ ವಾಶಿಯ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತಿದ್ದ ಕಾಲದಲ್ಲಿ ಅದರಿಂದ ಏನೂ ಉಪಯೋಗವಾಗಲಿಲ್ಲ. ಉಪಯೋಗಕ್ಕೆ ಬಂದದ್ದು ಖಾಡಿಯಲ್ಲಿ.

ಐರೋಲಿಯ ಹತ್ತಿರ ಸಮುದ್ರದ ನೀರು ಒಳಗೆ ಚಾಚಿ ಬರುವ ಆ ಖಾಡಿ ಈಗ ರಾಜಹಂಸಗಳಿಗಾಗಿ ಕಾಯ್ದಿಟ್ಟ ಜಾಗ. ಮೊದಲು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ ಸಿಕ್ಕಿದ ಪ್ಲಾಸ್ಟಿಕ್ ಆರಿಸುವ ಕೂಲಿಯಾಗಿ ಸೇರಿದೆ. ಆಮೇಲೆ ಪ್ರವಾಸಿಗರ ಬೋಟಿನಲ್ಲಿ ಹಗ್ಗ ಹಿಡಿಯುವವನಾದೆ. ಬೋಟಿನ ಟಂಡೇಲ, ಅಂದರೆ ಚುಕ್ಕಾಣಿ ಹಿಡಿಯುವವ, ಕೋಲಿ ಜನಾಂಗದ ಒಬ್ಬ ಮುದಿ ಮೀನುಗಾರ. ಕನ್ನಡದವನೆಂದು ನನ್ನನ್ನು 'ಕಾನಡಿ' ಎಂದೇ ಕರೆಯುತ್ತಿದ್ದ. ಬಿಜಾಪುರದ ಒಣನೆಲದವನಿಗೆ ನೀರು ತಿಳಿಯುವುದು ಹೇಗೆ ಎಂದು ನಗುತ್ತಿದ್ದ.

"ಕಾನಡಿ, ತುಮ್ಹಾರೇ ಗಾಂವ್ ಮೇಂ ಪಾನಿ ಟ್ಯಾಂಕರ್ ಸೇ ಆತಾ ಹೈ. ಇಧರ್ ಚಾಂದ್ ಸೇ ಆತಾ ಹೈ." ನಿಮ್ಮೂರಿಗೆ ನೀರು ಟ್ಯಾಂಕರಿನಿಂದ, ಇಲ್ಲಿಗೆ ಚಂದ್ರನಿಂದ ಎಂದು.

ಒಂದು ದಿನ ಗುಟ್ಟು ಹೇಳಿಕೊಟ್ಟ. ಅಮಾವಾಸ್ಯೆ ಅಥವಾ ಹುಣ್ಣಿಮೆಯಿಂದ ತಿಥಿ ಎಣಿಸು, ಮುಕ್ಕಾಲಿನಿಂದ ಗುಣಿಸು, ತುಂಬು ನೀರಿನ ಗಂಟೆ ಸಿಗುತ್ತದೆ. ಅಷ್ಟಮಿಗೆ ಆರು. ಏಕಾದಶಿಗೆ ಎಂಟೂಕಾಲು. ದ್ವಾದಶಿಗೆ ಒಂಬತ್ತು. ಅವನು ಬೆರಳು ಮಡಚುವುದರೊಳಗೆ ನಾನು ಉತ್ತರ ಹೇಳಿಬಿಟ್ಟೆ. ಮುದುಕ ನನ್ನ ಮುಖವನ್ನೇ ನೋಡಿದ. ಆಮೇಲೆ ಅವನು ಟ್ಯಾಂಕರಿನ ಮಾತು ಎತ್ತಲಿಲ್ಲ.

ಅವನ ಕಣ್ಣಿಗೆ ಪೊರೆ ಬಂದಾಗ ಆಫೀಸಿನ ಮೇಡಂ ನನಗೆ ಒಂದು ತಿಂಗಳ ಪರೀಕ್ಷೆಯಿಟ್ಟರು. ಸರಿಯಾಗಿ ನಡೆಸಿದರೆ ಚುಕ್ಕಾಣಿ ನನ್ನದು. ಇಲ್ಲದಿದ್ದರೆ ಮತ್ತೆ ಹಗ್ಗ. ಮೇಡಂ ಡೊಂಬಿವಲಿಯಲ್ಲಿ ಹುಟ್ಟಿದ ಕನ್ನಡದವರ ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನೀರಿನ ಹೊತ್ತುಗಳನ್ನು ಅಚ್ಚು ಹಾಕಿದ ಇಂಗ್ಲಿಷ್ ಹಾಳೆ ಅವರ ಗೋಡೆಯ ಮೇಲೆ ತೂಗುತ್ತಿತ್ತು. ನಾನು ಅದರ ಹತ್ತಿರವೇ ಹೋಗುತ್ತಿರಲಿಲ್ಲ. ಇಂಗ್ಲಿಷ್ ಓದಲು ಬರುವುದಿಲ್ಲವೆಂದು ಯಾರಿಗೂ ಗೊತ್ತಾಗಬಾರದಿತ್ತು. ನನ್ನ ಮಗ್ಗಿ ನನಗೆ ಸಾಕಿತ್ತು.

ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ ಆದದ್ದು ಇದು. ಬೆಳಿಗ್ಗೆ ದಿವಾ ಸ್ಟೇಷನ್ನಿನ ಬಳಿಯ ನಮ್ಮ ಖೋಲಿಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ. ಹೆಂಡತಿ ಡಬ್ಬಿ ಕೊಡುತ್ತ, "ರೀ, ಇವತ್ತೂ..." ಎಂದಳು.

"ನಿನ್ನ ದೇವರ ಸುದ್ದಿ ಸಂಜೀಕ ಹೇಳು. ಲೋಕಲ್ ಹೋಗತೈತಿ."

"ಹೋಗ್ರಿ ಹೋಗ್ರಿ. ಗಾಡಿ ನಿಮ್ಮ ಮಾವಂದು, ನಿಲ್ಲಸ್ಕೊಂಡು ಕುಂತಿರತಾನ!"

ನಗುತ್ತ ಓಡಿದೆ. ನಿನ್ನೆ ಏಕಾದಶಿ, ಹನ್ನೊಂದು. ಇಂದು ಹನ್ನೆರಡು. ಹನ್ನೆರಡು ಮುಕ್ಕಾಲು ಒಂಬತ್ತು. ನೀರು ಇಳಿದು ಕೆಸರು ತೆರೆದುಕೊಳ್ಳುವಾಗ ಹಕ್ಕಿಗಳು ಮೇಯಲು ಇಳಿಯುತ್ತವೆ. ಅವುಗಳನ್ನು ನೋಡಿ, ಕಾಲುವೆಯಲ್ಲಿ ನೀರಿರುವಾಗಲೇ ಮರಳಬೇಕು. ಒಂಬತ್ತರ ಲೆಕ್ಕ ಹಿಡಿದು ಹತ್ತೂವರೆಗೆ ಬೋಟು ಬಿಟ್ಟೆ. ಸೀವುಡ್ಸ್‌ನ ಒಂದೇ ವಸತಿ ಸೊಸೈಟಿಯ ಎಂಟು ಜನ ಪ್ರವಾಸಿಗರು. ಅವರಲ್ಲಿ ಒಬ್ಬ ಅಜ್ಜಿ, ಉದ್ದ ಕ್ಯಾಮೆರಾ ಹಿಡಿದ ಒಬ್ಬ ಸಾಹೇಬ.

ಹಕ್ಕಿಗಳು ಅಂದು ತೀರ ಹತ್ತಿರದಲ್ಲಿದ್ದವು. ನನ್ನ ಅದೃಷ್ಟ ಎಂದುಕೊಂಡೆ. ಬೋಟು ತಿರುಗಿಸುವಾಗ ತಳ ನೆಲ ಮುಟ್ಟಿತು. ಬಿದಿರು ಊರಿ ನೂಕಿದೆ, ಕದಲಲಿಲ್ಲ. ಗೇಣು ನೀರು ಉಳಿದಿತ್ತು, ಅದೂ ಓಡುತ್ತಿತ್ತು.

ಇಂಜಿನ್ನನ್ನು ಪೂರ್ತಿ ಹಿಂದಕ್ಕೆ ಎಳೆದಿದ್ದರೆ ಬೋಟು ಬಿಡಿಸಿಕೊಳ್ಳುತ್ತಿತ್ತು. ಇಂದಿಗೂ ನನಗೆ ಹಾಗೆಯೇ ಅನ್ನಿಸುತ್ತದೆ. ಆದರೆ ಸುತ್ತಲೂ ಗುಲಾಬಿ ಕಾಲುಗಳು. ತಲೆ ಕೆಳಗೆ ಮಾಡಿ, ಬಿಸಿ ಚಹಾ ಹೀರುವವರ ಹಾಗೆ ಸದ್ದು ಮಾಡುತ್ತ ಮೇಯುತ್ತಿದ್ದವು. ಇಂಜಿನ್ನಿನ ಪಂಖ ಆ ಕೆಸರನ್ನು ಕಡೆದರೆ ಅವುಗಳ ಊಟ ಹೋಯಿತು. ಹಕ್ಕಿ ಕೂತಲ್ಲಿ ಇಂಜಿನ್ ಕೂಗಬಾರದು ಎಂಬುದು ಜಾಗದ ಮೊದಲ ನಿಯಮ. ಆಫೀಸು ದೂರವಿತ್ತು, ನಿಯಮ ನೋಡುವವರು ಯಾರೂ ಇರಲಿಲ್ಲ. ಚುಕ್ಕಾಣಿ ನನ್ನದಾಗಲು ನಾಲ್ಕೇ ದಿನ ಉಳಿದಿತ್ತು. ಆದರೂ ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದೆ.

"ಅರೇ ಭೈಯ್ಯಾ, ರಿವರ್ಸ್ ಮಾರೋ!" ಎಂದ ಕ್ಯಾಮೆರಾ ಸಾಹೇಬ.

"ನಹೀ ಸಾಬ್. ಪಕ್ಷಿ ಖಾನಾ ಖಾ ರಹೇ ಹೈಂ."

"ಔರ್ ಹಮ್?"

ಹಕ್ಕಿಗಳಿಗೆ ಊಟ, ಹಾಗಾದರೆ ನಮಗೆ ಎಂದು. ಮೇಡಂಗೆ ನಾನೇ ಫೋನು ಮಾಡಿದೆ.

"ಬೋಟು ಕೆಸರಾಗ ಕುಂತೈತ್ರೀ ಮೇಡಂ. ತಪ್ಪು ನಂದು."

"ಲೋಗ್ ಠೀಕ್ ಹೈಂ?"

"ಮಂದಿ ಠೀಕ್. ಪಕ್ಷಿ ಠೀಕ್. ನಾ ಒಬ್ಬವನs ಠೀಕ್ ಇಲ್ಲ."

ನೀರು ಮರಳಿ ಬರುವವರೆಗೆ ಕೂತಿರಿ, ಬೇರೆ ಬೋಟೂ ಅಲ್ಲಿಗೆ ಬರಲಾರದು ಎಂದರು ಮೇಡಂ.

ತಾಡಪತ್ರಿ ಕಟ್ಟಿ ನೆರಳು ಮಾಡಿದೆ. ಎಲ್ಲರಿಗೂ ಹಸಿವಾಗಿತ್ತು. ಇದ್ದದ್ದನ್ನೇ ಹಂಚೋಣವೆಂದು ಡಬ್ಬಿ ತೆರೆದೆ. ದ್ವಾದಶಿಯ ರೊಟ್ಟಿ, ಪಲ್ಯ ಇರಬೇಕಾದಲ್ಲಿ ಉಪವಾಸದ ಸಾಬೂದಾಣಿ ಖಿಚಡಿ. ನಿನ್ನೆಯೂ ಅದೇ ಕಟ್ಟಿದ್ದಳಲ್ಲ ಎಂದುಕೊಂಡು ಅದನ್ನೇ ನೋಡುತ್ತ ಕುಳಿತೆ. ಅಜ್ಜಿ ಇಣುಕಿ ನೋಡಿ, ತಮಗೂ ಉಪವಾಸವೆಂದು ಹಿಗ್ಗಿದರು.

"ಬರಂ ಝಾಲಂ! ಮಲಾ ಪಣ ಉಪವಾಸ. ದೋನ್ ಏಕಾದಶೀ ಆಲ್ಯಾತ್ ನಾ!"

ಎರಡು ಏಕಾದಶಿ! ಪಂಚಾಂಗದಲ್ಲಿ ಒಮ್ಮೊಮ್ಮೆ ಒಂದೇ ತಿಥಿ ಎರಡು ದಿನ ನಿಲ್ಲುತ್ತದೆ. ನಾನು ಎಣಿಸಿದ್ದು ಬೆರಳನ್ನು. ತಿಥಿ ಅಲ್ಲೇ ಇತ್ತು, ತುಂಬು ನೀರು ಎಂಟೂಕಾಲಿಗೇ ಬಂದು ಹೋಗಿತ್ತು, ನಾನು ಮುಕ್ಕಾಲು ಗಂಟೆ ತಡ ಮಾಡಿದ್ದೆ. ಬಾಗಿಲಲ್ಲಿ "ರೀ, ಇವತ್ತೂ..." ಎಂದವಳ ಉಳಿದ ಮಾತು ಡಬ್ಬಿಯಲ್ಲಿ ಬಿಳಿಬಿಳಿಯಾಗಿ ಕೂತಿತ್ತು.

ಎಂಟು ಜನಕ್ಕೆ ಎರಡೆರಡು ತುತ್ತು ಬಂತು. ಕ್ಯಾಮೆರಾ ಸಾಹೇಬ ಶೇಂಗಾ ಆರಿಸಿ ತಿಂದ. ಸಂಜೆ ಐದರ ಸುಮಾರಿಗೆ ನೀರು ನಮ್ಮನ್ನು ಮೆಲ್ಲಗೆ ಎತ್ತಿತು.

ಜೆಟ್ಟಿಯ ಮೇಲೆ ಮೇಡಂ ನಿಂತಿದ್ದರು. ಪಕ್ಕದಲ್ಲಿ ಕಪ್ಪು ಕನ್ನಡಕದ ಮುದುಕ ಟಂಡೇಲ. ಸಾಹೇಬ ಇಳಿದವನೇ ದೂರು ಹೇಳಿದ: ಪಾನಿ ಇತ್ತು, ಒಮ್ಮೆ ರಿವರ್ಸ್ ಹೊಡೆದಿದ್ದರೆ ಸಾಕಿತ್ತು, ಈ ಮನುಷ್ಯ ಪಕ್ಷಿಗಳ ಸಲುವಾಗಿ ಹಠ ಹಿಡಿದು ಕೂತ.

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಮೇಡಂ, ಚಿಖಲಾತ್ ಮೀ ಪಣ ಬಸಲೋಯ್. ಪಣ ಮೀ ರಿವರ್ಸ್ ಮಾರಲಾ ಹೋತಾ." ಕೆಸರಿನಲ್ಲಿ ತಾನೂ ಕೂತಿದ್ದೇನೆ, ಆದರೆ ತಾನು ರಿವರ್ಸ್ ಹೊಡೆದಿದ್ದೆ ಎಂದು.

ಮೇಡಂ ಸಾಹೇಬರ ಕ್ಷಮೆ ಕೇಳಿ ಕಳಿಸಿದರು. ನನ್ನ ಕಡೆ ತಿರುಗಿ, ಗೋಡೆಯ ಹಾಳೆ ಯಾಕೆ ನೋಡಲಿಲ್ಲವೆಂದು ಕೇಳಿದರು: "ದೀವಾರ್ ಪೇ ಕಾಗಜ್ ಥಾ. ಕ್ಯೋಂ ನಹೀ ದೇಖಾ, ಕಾಕಾ?"

"ಇಂಗ್ಲಿಷ್ ಓದಾಕ ಬರೂದಿಲ್ರೀ," ಎಂದೆ. ಮೂರು ವರ್ಷದಲ್ಲಿ ಮೊದಲ ಸಲ. ಹೇಳಿದ ಮೇಲೆ ಅದು ಅಷ್ಟು ಭಾರದ ಮಾತಾಗಿರಲಿಲ್ಲ. ಬೆಳಿಗ್ಗೆ ಹೆಂಡತಿಯ ಮಾತು ಪೂರ್ತಿ ಕೇಳದೆ ಓಡಿ ಬಂದದ್ದನ್ನೂ ಹೇಳಿದೆ.

ಆಗ ಮೇಡಂ ಕನ್ನಡದಲ್ಲಿ ಮಾತಾಡಿದರು. ಮುರುಕು ಕನ್ನಡ, ಆದರೂ ಕನ್ನಡ. "ನಾ ಹೇಳಿ ಕೊಡ್ತೀನಿ. ಬೋಟು ನೀವs ನಡಸ್ರಿ. ಆದ್ರ ಮುಂಜಾನೆ ಮನ್ಯಾಗ ಕಾಕೂ ಏನರ ಹೇಳಿದ್ರ, ಪೂರಾ ಕೇಳಿ ಬರ್ರಿ."

ಈಗ ಹಾಳೆಯ ಇಂಗ್ಲಿಷ್ ಓದಲು ಬರುತ್ತದೆ. ಆದರೂ ದಿವಾದ ಬಾಗಿಲಲ್ಲಿ ನಿಂತು ದಿನವೂ ಹೆಂಡತಿಯನ್ನು ತಿಥಿ ಕೇಳುತ್ತೇನೆ. ಅದಕ್ಕಾಗಿ ಎರಡು ಲೋಕಲ್ ತಪ್ಪಿವೆ. ಮೊನ್ನೆ ಅವಳನ್ನೂ ಬೋಟಿನಲ್ಲಿ ಕೂಡಿಸಿಕೊಂಡು ಹೋಗಿದ್ದೆ. ಅಂದೂ ಏಕಾದಶಿ. ಇಂಜಿನ್ ಬಂದ್ ಮಾಡಿ ಹಕ್ಕಿಗಳನ್ನು ತೋರಿಸಿದೆ. ಅವಳು ಸೆರಗು ಹೊದ್ದು ಬಹಳ ಹೊತ್ತು ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಒಂದs ಸಮ ತಿನ್ನಾಕತ್ತಾವಲ್ರೀ, ಇವುಕ್ಕ ಯಾರೂ ತಿಥಿ ಹೇಳಿಲ್ಲೇನು?"