ಸುಬೇದಾರರ ಮೇಜು

ಸುಬೇದಾರರ ಬಲಗೈಯ ತೋರುಬೆರಳು ಮಾತ್ರ ಎಳೆಗೂಸಿನ ಬೆರಳಿನಷ್ಟು ನುಣುಪಾಗಿತ್ತು. ಉಳಿದವೆಲ್ಲ ಹೊಲದ ಕೆಲಸಕ್ಕೆ ಒಡೆದು ಕಪ್ಪಾಗಿದ್ದವು. ಗುದ್ದಲಿ ಹಿಡಿಯುವಾಗ ಆ ಒಂದಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. "ಟ್ರಿಗರ್ ಒತ್ತೋ ಬೆರಳು ಕಣಮ್ಮಿ, ಇದ್ಕೆ ಮಣ್ಣು ತಾಕ್ಬಾರ್ದು."

ಸೈನ್ಯದಿಂದ ಬಂದ ಮೇಲೆ ಅವರು ಹನೂರಿನಲ್ಲೊಂದು ತಗಡಿನ ಶೆಡ್ ಹಾಕಿ ನಾಲ್ಕಾರು ಮಂದಿಗೆ ಏರ್ ರೈಫಲ್ ಕಲಿಸುತ್ತಿದ್ದರು. ನಾನು ಲೊಕ್ಕನಹಳ್ಳಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೊದಲ ತಿಂಗಳು ಗುಂಡೇ ಕೊಡಲಿಲ್ಲ. ಮೇಜಿನ ಮೇಲೆ ಎರಡು ಮರಳುಚೀಲ, ಅದರ ಮೇಲೆ ಬಂದೂಕು. ಮುಂದಿನ ಚೀಲ ಬಂದೂಕಿನ ಮರದ ಭಾಗಕ್ಕೆ ಆನಿಕೊಳ್ಳಬೇಕು, ನಳಿಗೆಗೆ ತಾಕಬಾರದು. ಹಿಂದಿನ ಚೀಲವನ್ನು ಎಡಗೈಯಲ್ಲಿ ಹಿಸುಕಿದರೆ ಗುರಿ ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು. ಕೆನ್ನೆ ದಿನವೂ ಒಂದೇ ಜಾಗದಲ್ಲಿ ಕೂರಬೇಕು. ಅರ್ಧ ಉಸಿರು ಬಿಟ್ಟು ನಿಲ್ಲಿಸಬೇಕು. ಗುಂಡು ಹೋದ ಮೇಲೂ ಬೆರಳು ತೆಗೆಯಬಾರದು.

"ಕೈಲಿಡ್ಕಂಡು ತಪ್ಪುದ್ರೆ ಕೈ ಅಲುಗ್ತು ಅನ್ಬೋದು. ಮೇಜಿನ ಮ್ಯಾಲೂ ತಪ್ಪುದ್ರೆ ನಿನ್ ತಲೆನೇ ಸರ್ಯಾಗಿಲ್ಲ ಅಂತ" ಎನ್ನುತ್ತಿದ್ದರು.

ಗುಂಡುಗಳು ಚದುರಿ ಬಿದ್ದ ದಿನ ಆ ಗುರಿಹಾಳೆಯನ್ನು ನನ್ನ ಬೆನ್ನಿಗೆ ಪಿನ್ ಮಾಡಿ, ಬಸ್ ಸ್ಟ್ಯಾಂಡಿನಿಂದ ಟೀ ತರಲು ಕಳಿಸುತ್ತಿದ್ದರು. ಜನ ನಗುತ್ತಿದ್ದರು. ಟೀ ಚೆಲ್ಲಿದರೆ ಇನ್ನೊಮ್ಮೆ ಹೋಗಬೇಕಿತ್ತು. ಆರು ತಿಂಗಳಲ್ಲಿ ನನ್ನ ಐದು ಗುಂಡೂ ಒಂದು ಅಂಗಿಗುಂಡಿಯ ಅಗಲದಲ್ಲಿ ಬೀಳತೊಡಗಿದವು.

ಆ ವರ್ಷ ಮೈಸೂರಿನ ಕ್ಲಬ್ಬೊಂದರವರು ಹುಡುಗಿಯರನ್ನು ಆರಿಸಲು ಕೊಳ್ಳೇಗಾಲಕ್ಕೆ ಬಂದರು. ಆಯ್ಕೆಯಾದವರಿಗೆ ಹಾಸ್ಟೆಲ್, ತರಬೇತಿ ಎಲ್ಲ ಪುಕ್ಕಟೆ. ವಯಸ್ಸಿನ ಲೆಕ್ಕದಲ್ಲಿ ನನಗದು ಕೊನೆಯ ಅವಕಾಶ. ಸುಬೇದಾರರೇ ತಂದ ಬಂದೂಕು ಇಟ್ಟುಕೊಂಡು ಮೇಜಿಗೆ ಕೂತೆ. ಹತ್ತು ಗುಂಡೂ ಹತ್ತು ಕಡೆ ಹೋದವು. ಸುಬೇದಾರರು ಬಂದು ಬಂದೂಕಿನ ಹಿಂಬದಿಯಲ್ಲಿ ಗುರಿ ನೋಡುವ ಸೈಟನ್ನು ಮುಟ್ಟಿದರು. ಅದು ಲೊಡಲೊಡ ಅಲುಗಿತು. ಸುತ್ತ ನಿಂತವರತ್ತ ಒಮ್ಮೆ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಸ್ಕ್ರೂ ನಾನೇ ಸಡ್ಲ ಮಾಡಿದ್ದೆ, ಇವ್ಳು ನೋಡ್ಕಂತಳಾ ಅಂತ. ನೋಡ್ಲಿಲ್ಲ. ಓಗು ಮನೆಗೆ."

ಹೋದೆ. ಮತ್ತೆ ಆ ಶೆಡ್ಡಿಗೆ ಕಾಲಿಡಲಿಲ್ಲ. ಆದರೆ ತಪ್ಪು ನನ್ನದೇ ಎಂದು ನಂಬಿದ್ದೆ. ಯಳಂದೂರಿನ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾದ ಮೇಲೆ ಈ ಕತೆಯನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಹೋದ ವರ್ಷ ನನ್ನ ಹತ್ತಿರ ಬಂದೂಕು ಕಲಿಯುತ್ತಿದ್ದ ಜಾಣ ಹುಡುಗಿಯೊಬ್ಬಳಿಗೂ ಅದೇ ಪಾಠವಾಗಲಿ ಎಂದು ಸ್ಪರ್ಧೆಯ ಬೆಳಿಗ್ಗೆ ಅವಳ ಸೈಟನ್ನು ನಾನೇ ಸಡಿಲ ಮಾಡಿದೆ. ಅವಳು ನೋಡಿಕೊಳ್ಳಲಿಲ್ಲ. ಅದೇ ಮಾತನ್ನು ಎಲ್ಲರೆದುರು ಹೇಳಿದೆ. ಅವಳು ಬರುವುದನ್ನು ಬಿಟ್ಟಳು.

ಈ ಬೇಸಿಗೆಯಲ್ಲಿ ಸುಬೇದಾರರ ಹೆಂಡತಿ ಫೋನ್ ಮಾಡಿ ಕರೆಸಿಕೊಂಡರು. ಕಿಡ್ನಿ ಹೋಗಿ ಸುಬೇದಾರರು ಹಾಸಿಗೆ ಹಿಡಿದಿದ್ದರು. ಮುಖವೆಲ್ಲ ಊದಿತ್ತು.

"ಅವತ್ತು ಬೇಕಂತ ಸಡ್ಲ ಮಾಡಿರ್ನಿಲ್ಲ ಕಣಮ್ಮಿ" ಎಂದರು. "ಅದ್ಕೆ ಮುಂಚಿನ್ ದಿನ ಬಿಚ್ಚಿ ಒರ್ಸಿದ್ದೆ. ಬಿಗಿ ಮಾಡದ್ನೇ ಮರ್ತ್ಬುಟ್ಟೆ. ಅಷ್ಟ್ ಜನದ್ ಮುಂದೆ ಯೆಂಗ್ ಯೋಳದು?"

ಹೆಂಡತಿ ತಂದಿಟ್ಟ ಕಾಫಿಯನ್ನು ಮುಟ್ಟದೆ ಎದ್ದು ಬಂದೆ. ಹದಿನೈದು ದಿನಕ್ಕೆ ಸುಬೇದಾರರು ತೀರಿಕೊಂಡರು. ಮಣ್ಣು ಮಾಡುವುದಕ್ಕೆ ನಾನು ಹೋಗಲಿಲ್ಲ. ಅವತ್ತು ಆ ಹುಡುಗಿಯ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅದು ಪಾಠವಲ್ಲ, ನನ್ನದೇ ತಪ್ಪು, ಮತ್ತೆ ಬಾ ಎಂದೆ.

ತಲೆ ಎತ್ತದೆ ಕೇಳಿಸಿಕೊಂಡಳು. "ನಂಗೀಗ ಬಂದೂಕ ನೋಡುದ್ರೆ ಕೈ ನಡುಗ್ತದೆ ಮಿಸ್" ಎಂದು, ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.