ಹಣ್ಣಾಗಲು ಬಿಡದ ಹಲಸು

ಬೆಳಗೋಡಿನ ಬಸ್ಸು ತಡವೆಂದು ಇವತ್ತು ಸಕಲೇಶಪುರದ ಒಂದು ಸಣ್ಣ ಹೋಟೆಲಿಗೆ ಊಟಕ್ಕೆ ನುಗ್ಗಿದೆ. ಎಲೆಯ ತುದಿಗೆ ಬಡಿಸಿದ ಪಲ್ಯದ ಘಮ ಮೂಗಿಗೆ ಬಂದದ್ದೇ ತಡ, ಕೈ ನಿಂತಿತು. ಎಳೆ ಹಲಸಿನಕಾಯಿ ಪಲ್ಯ. ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಚಿಕ್ಕಮ್ಮನ ಹಿತ್ತಿಲು ನೆನಪಾಗಿ, ಜೊತೆಗೆ ಸಣ್ಣ ಭಯವೂ ಆಗುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ಆ ಮನೆಗೆ ಹೋದವರಿಗೆ ಬೆಳಿಗ್ಗೆ ಅಕ್ಕಿರೊಟ್ಟಿಗೆ ಈ ಪಲ್ಯ, ಮಧ್ಯಾಹ್ನ ಅನ್ನಕ್ಕೆ ಇದರದೇ ಹುಳಿ, ಸಂಜೆ ಕಾಫಿಗೆ ಇದರದೇ ಬೋಂಡ. ತಿನ್ನುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಆದರೂ ಎರಡು ದಿನ ಕಳೆಯುವುದರೊಳಗೆ ಊರಿಗೆ ಹೊರಡಲು ನೆಪ ಹುಡುಕುತ್ತಿದ್ದೆ.

ಅಷ್ಟೊಂದು ಎಳೆಗಾಯಿ ಯಾಕೆ ಅಂತೀರಾ? ಹೇಳುತ್ತೇನೆ. ಚಿಕ್ಕಪ್ಪನ ಕಾಫಿ ತೋಟ ಇರುವುದು ಬೆಳಗೋಡಿನ ಹತ್ತಿರ. ಮನೆಯ ಹಿಂದೆಯೇ ಹಲಸಿನ ಮರ. ಮದುವೆಯಾದ ಹೊಸದರಲ್ಲಿ ಚಿಕ್ಕಮ್ಮ ತವರೂರು ಆನೇಮಹಲಿನಿಂದ ಬೀಜ ತಂದು ಊರಿದ್ದು. ಅದು ಹಣ್ಣು ಬಿಟ್ಟರೆ ಪಾಲುದಾರರು ಒಬ್ಬಿಬ್ಬರಲ್ಲ. ಮೇಲಿನ ಹಣ್ಣಿಗೆ ಕೆಂಜಳಿಲು ತೂತು ಕೊರೆಯುತ್ತಿತ್ತು. ಅದು ಬಿಟ್ಟದ್ದು ಹಕ್ಕಿಗಳಿಗೆ, ಬಿದ್ದು ಒಡೆದದ್ದು ಜೇನಿಗೆ, ಇರುವೆಗೆ, ಸಿಪ್ಪೆ ದನಗಳಿಗೆ. ಮಂಗಗಳ ವಿಷಯ ಬಿಡಿ. ಮಿಕ್ಕಿದ್ದು ನಮಗೆ ಎಂದು ಚಿಕ್ಕಮ್ಮ ನಗುತ್ತಿದ್ದರು. ಹಾಗೆನ್ನುತ್ತಲೇ ಒಳ್ಳೆಯ ಹಣ್ಣನ್ನು ಗೋಣಿಚೀಲದಡಿ ಮುಚ್ಚಿಡುತ್ತಿದ್ದವರೂ ಅವರೇ. ಹಲಸೆಂದರೆ ಅವರಿಗೆ ಪ್ರಾಣ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸಲು ಕುಳಿತರೆ ಯಾರು ಕರೆದರೂ ಏಳುತ್ತಿರಲಿಲ್ಲ.

ಆನೆಗಳು ಮೊದಲೆಲ್ಲ ಆ ಕಡೆ ದಾಟಿ ಹೋಗುತ್ತಿದ್ದವು, ಅಷ್ಟೆ. ಕಾಡು ಸವೆದು ಅವಕ್ಕೂ ತೋಟವೇ ಮನೆಯಾದ ಮೇಲೆ ಒಂದು ಒಂಟಿ ಸಲಗ ಈ ಮರವನ್ನು ಕಂಡುಕೊಂಡಿತು. ಬೇಲಿ, ಕಾಫಿ ಗಿಡ, ನೀರಿನ ಪೈಪು ಎಲ್ಲವನ್ನೂ ತುಳಿದುಕೊಂಡು ಬಂದು ಹಣ್ಣು ತಿಂದು ಹೋಯಿತು. ಅದೇ ವರ್ಷ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಬರುವ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತ. ಅವನ ಮಣ್ಣಿಗೆ ಹೋಗಿ ಬಂದ ಚಿಕ್ಕಪ್ಪ ಮಾರನೆಯ ದಿನವೇ ಮರ ಕುಯ್ಯುವವರನ್ನು ಕರೆಸಿದರು.

"ಮನೆ ಹಿಂದೆ ಆನೆಗೆ ಊಟ ಇಟ್ಕಂಡು ಮಲಗಾಕಾಯ್ತದಾ? ಮರ ಹೋದ್ರೆ ಹೋಗ್ಲಿ, ಜನ ಉಳೀಬೇಕು" ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು?

ಚಿಕ್ಕಮ್ಮ ಕೂಗಾಡಲಿಲ್ಲ. ಮರಕ್ಕೆ ಬೆನ್ನು ಕೊಟ್ಟು ನಿಂತರು. "ರೀ, ಆನೆ ಬರೋದು ಹಣ್ಣಿನ ವಾಸ್ನೆಗೆ. ಒಂದು ಕಾಯೀನೂ ಹಣ್ಣಾಗಾಕೆ ಬಿಡಲ್ಲ ನಾನು. ಹಣ್ಣಾಯ್ತು ಅಂದ್ರೆ ಅವತ್ತೇ ಮರ ಕುಯ್ಸಿ."

ಕಾಯಿ ಎಳೆಯದಾಗಿರುವಾಗಲೇ ಕೆಡವುವುದು ಈಗ ನಮ್ಮ ಕಡೆಯ ಎಷ್ಟೋ ತೋಟಗಳ ಪದ್ಧತಿ. ಆದರೆ ಹಲಸೆಂದರೆ ಪ್ರಾಣ ಬಿಡುವ ಹೆಂಗಸೇ ಉದ್ದದ ಗಳಕ್ಕೆ ಕುಡುಗೋಲು ಕಟ್ಟಿ ನಿಂತದ್ದನ್ನು ನೋಡಲು ನನಗೆ ಕಷ್ಟವಾಯಿತು. ನಮಗೆ ಪಲ್ಯ, ದನಗಳಿಗೆ ಮಿಕ್ಕಿದ್ದು. ಕೆಂಜಳಿಲು ಕೆಲವು ದಿನ ಕೊಂಬೆಗಳಲ್ಲಿ ಅಲೆದು ಎತ್ತಲೋ ಹೋಯಿತು. ಮಂಗಗಳು ಅಡುಗೆಮನೆಗೇ ಬಂದವು. ಒಂದಂತೂ ನನ್ನ ತಟ್ಟೆಯ ಬೋಂಡವನ್ನೇ ಎತ್ತಿಕೊಂಡು ಓಡಿತು. ಅದಕ್ಕೆ ನಾನೇನೂ ಬೇಸರಪಟ್ಟುಕೊಳ್ಳಲಿಲ್ಲ. ಒಂದು ಮರ ಹಣ್ಣು ಬಿಡದಿದ್ದರೆ ಯಾರುಯಾರು ಹಸಿದಿರುತ್ತಾರೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಹಣ್ಣಿನ ಕಾಲಕ್ಕೆ ಸಲಗ ಮತ್ತೆ ಬಂತು. ಆಗ ನಾನೂ ಅಲ್ಲಿದ್ದೆ. ಬೆಳಕು ಹರಿದಿತ್ತು. ಮೂವರೂ ಅಡುಗೆಮನೆಯ ಕಿಟಕಿಯಲ್ಲಿ ಇಣುಕುತ್ತ ನಿಂತೆವು. ಅದು ಸೊಂಡಿಲಿನಿಂದ ಮರದ ಬುಡ ತಡವಿತು. ಕೊಂಬೆ ತಡವಿತು. ಸುತ್ತು ಬಂದು ಮತ್ತೆ ಬುಡವನ್ನೇ ತಡವಿತು. ಏನನ್ನೂ ಮುರಿಯಲಿಲ್ಲ. ಬಂದ ದಾರಿಯಲ್ಲೇ ಇಳಿದು ಹೋಯಿತು.

"ಸದ್ಯ, ಬದುಕ್ಕಂಡ್ವಿ" ಎಂದು ಚಿಕ್ಕಪ್ಪ ಕುರ್ಚಿಗೆ ಕುಸಿದರು. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ನೆನಪಿಟ್ಕಂಡು ಬಂದೈತೆ ಕಣೋ. ಉಣ್ಣದೆ ಹೋಗ್ಬುಡ್ತು."

ಅದಾಗಿ ವರ್ಷಗಳೇ ಕಳೆದಿವೆ. ಮರ ಉಳಿದಿದೆ, ಕಾಯಿ ಕೆಡವುವುದೂ ನಡೆದಿದೆ. ಇವತ್ತು ಊಟ ಮುಗಿಸಿ ಹೊರಬಂದಾಗ ತಳ್ಳುಗಾಡಿಯಲ್ಲಿ ಬಯಲುಸೀಮೆಯ ಮೊದಲ ಹಲಸಿನ ಹಣ್ಣು ಕಂಡಿತು. ಚಿಕ್ಕಮ್ಮನಿಗೆಂದು ಡಬ್ಬಿ ತುಂಬ ತೊಳೆ ಕೊಂಡೆ. ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಯಜಮಾನರು ಮೂಗರಳಿಸಿ, "ಏನ್ ಮಾರಾಯ, ಇದನ್ನ ಹಿಡ್ಕಂಡು ನಮ್ಮೂರ್ ಕಡೆ ಬರ್ತೀಯಲ್ಲ, ಆನೆಗೆ ಅಡ್ರೆಸ್ ಕೊಡಾಕಾ?" ಎಂದರು. ಬಸ್ಸೆಲ್ಲ ನಕ್ಕಿತು. ನಾನು ಮುಚ್ಚಳ ಇನ್ನಷ್ಟು ಬಿಗಿ ಮಾಡಿದೆ.

ಮನೆ ತಲುಪಿದ ಮೇಲೆ ಚಿಕ್ಕಮ್ಮ ಡಬ್ಬಿ ತೆರೆದು, ಕಣ್ಣು ಮುಚ್ಚಿ ಘಮವನ್ನು ಎಳೆದುಕೊಂಡರು. ಚಿಕ್ಕಪ್ಪನಿಗೆ ಕೊಟ್ಟರು, ನನಗೆ ಕೊಟ್ಟರು. ಆಮೇಲೆ ಮುಚ್ಚಳ ಹಾಕಿದರು.

"ನೀವೂ ತಗಳ್ಳಿ ಚಿಕ್ಕಮ್ಮ."

"ಬ್ಯಾಡ ಕಣೋ. ಆ ಆನೆ ಬರೀ ಹೊಟ್ಟೇಲಿ ಹೋದ ದಿನದಿಂದ ತಿಂದಿಲ್ಲ ನಾನು. ಅದ್ರ ಪಾಲು ಕಿತ್ತೋಳು ನಾನೇ ಅಲ್ವಾ? ನಾನೊಬ್ಳು ಹೆಂಗ್ ತಿನ್ಲಿ?"

ಅದೇ ಮನೆಯಲ್ಲಿದ್ದ ಚಿಕ್ಕಪ್ಪನಿಗೂ ಇದು ಗೊತ್ತಿರಲಿಲ್ಲವೆಂದು ಅವರ ಮುಖ ನೋಡಿಯೇ ತಿಳಿಯಿತು. ಬಾಯಿಗೆ ಒಯ್ದಿದ್ದ ತೊಳೆಯನ್ನು ಅವರು ಮೆಲ್ಲಗೆ ಕೆಳಗಿಟ್ಟರು. ನನ್ನ ಬಾಯಲ್ಲಿದ್ದದ್ದು ತುಂಬ ಸಿಹಿಯಾಗಿತ್ತು.